ಗುಡ್ಡ ನಾನೂರ ಹನ್ನೆರಡು

ಅವರನ್ನು ಹೆಸರು ಹಿಡಿದು ಕರೆಯುವವರು ಊರಿನಲ್ಲಿ ಯಾರೂ ಉಳಿದಿರಲಿಲ್ಲ. ತರಕಾರಿಯವನಿಗೆ ಟೀಚರಮ್ಮ, ಬಸ್ಸಿನ ಕಂಡಕ್ಟರನಿಗೆ ಟೀಚರಮ್ಮ. ಸೇನೆಯ ಮುಖ್ಯ ಕಚೇರಿಯ ಗೇಟಿನಲ್ಲಿ ಬಂದೂಕು ಹಿಡಿದು ನಿಂತವನಿಗೂ ಟೀಚರಮ್ಮನೇ. ಅವನು ಎಂಟನೇ ತರಗತಿಯಲ್ಲಿ ಇವರ ಕೈಕೆಳಗೆ ಕ್ರಿಯಾಪದ ತಪ್ಪು ಬರೆದು ಬೆಂಚಿನ ಮೇಲೆ ನಿಂತವನು. ಈಗಲೂ ಇವರ ಗುರುತಿನ ಚೀಟಿ ನೋಡುವಾಗ ಎರಡೂ ಹಿಮ್ಮಡಿ ಕೂಡಿಸಿ ನೆಟ್ಟಗೆ ನಿಲ್ಲುತ್ತಿದ್ದ.

ಅಪ್ಪ, ಅಮ್ಮ ಒಂದೇ ವರ್ಷದಲ್ಲಿ ತೀರಿಹೋದಾಗ ಅವರಿಗೆ ಹತ್ತೊಂಬತ್ತು, ತಮ್ಮನಿಗೆ ಎಂಟು. ಬಂಧುಗಳು ಬಂದರು, ಕಣ್ಣೊರೆಸಿಕೊಂಡರು, ಉಂಡರು, "ಏನಾದ್ರೂ ಬೇಕಿದ್ರೆ ಒಂದು ಮಾತು ಹೇಳಮ್ಮ" ಎಂದು ಹೇಳಿ ವಿಳಾಸ ಕೊಡದೆ ಹೋದರು. ಆ ಬೇಸಿಗೆಯಲ್ಲಿ ಮನೆಯ ಫ್ಯಾನು ಕೆಟ್ಟಿತು. ದೊಡ್ಡ ದೇಶದವರು ಊರ ನಡುವೆ ಒಂದು ವಾಚನಾಲಯ ತೆರೆದಿದ್ದರು. ಒಳಗೆ ಮೆತ್ತನೆಯ ಕುರ್ಚಿ, ತಣ್ಣನೆಯ ಗಾಳಿ, ಕುಡಿಯಲು ನೀರು. ಯಾರು ಬೇಕಾದರೂ ಸಂಜೆವರೆಗೆ ಕೂರಬಹುದಿತ್ತು. ಅಕ್ಕ ತಮ್ಮನ ಕೈ ಹಿಡಿದುಕೊಂಡು ದಿನಾ ಅಲ್ಲಿಗೆ ಹೋದಳು. ತಮ್ಮ ಚಿತ್ರದ ಪುಸ್ತಕ ತೆರೆದಿಟ್ಟು ಅದರ ಮೇಲೆ ಕೆನ್ನೆಯಿಟ್ಟು ನಿದ್ದೆ ಹೋಗುತ್ತಿದ್ದ, ಅಕ್ಕ ಸುಮ್ಮನೆ ಕೂರಲಾರದೆ ಅವರ ಭಾಷೆ ಕಲಿತಳು. ಹೀಗೆ ಸೆಖೆ ತಡೆಯಲು ಹೋಗಿ ಕಲಿತ ಭಾಷೆ ಮುಂದೆ ಇಬ್ಬರಿಗೂ ಅನ್ನ ಹಾಕಿತು. ಸರ್ಕಾರಿ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷ ಅದನ್ನೇ ಪಾಠ ಮಾಡಿದರು. ಮದುವೆಯ ಮಾತು ಎರಡು ಸಲ ಬಂತು. ಎರಡು ಸಲವೂ ಗಂಡಿನ ಕಡೆಯವರು, "ತಮ್ಮ ಎಲ್ಲಿರ್ತಾನೆ?" ಎಂದು ಕೇಳಿದರು. ಮೂರನೇ ಸಲ ಕೇಳುವವರು ಬರಲಿಲ್ಲ.

ತಮ್ಮ ಓದಿನಲ್ಲಿ ಅಷ್ಟಕ್ಕಷ್ಟೇ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆದ. ಮೂಲೆಯ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳನ್ನು ಮೆಚ್ಚಿಕೊಂಡು, ಇಲ್ಲದ ತಲೆನೋವಿಗೆ ನಾಲ್ಕು ತಿಂಗಳು ಮಾತ್ರೆ ಕೊಂಡು, ಕೊನೆಗೆ ಮದುವೆಯಾದ. ಮನೆಯಲ್ಲಿ ಅವಳನ್ನು "ಮಾತ್ರೆ" ಎಂದೇ ಕರೆಯುತ್ತಿದ್ದ. "ಮಾತ್ರೆ, ನನ್ನ ಅಂಗಿ ಎಲ್ಲಿ?" "ಊಟಕ್ಕೆ ಮುಂಚೆಯೋ ಆಮೇಲೋ?" ಎಂದು ಅವಳು ಅಡಿಗೆಮನೆಯಿಂದ ಕೂಗುವಳು. ಟೀಚರಮ್ಮ ಉತ್ತರಪತ್ರಿಕೆ ತಿದ್ದುತ್ತ ನಗು ಬಿಗಿಹಿಡಿದುಕೊಳ್ಳುತ್ತಿದ್ದರು. ಮೂರು ಕೋಣೆಯ ಮನೆಯಲ್ಲಿ ಮೂರು ಜನ, ಒಂದು ರೇಡಿಯೋ.

ಯುದ್ಧ ಶುರುವಾದಾಗ ಜಗಳ ಯಾವುದಕ್ಕೆ ಎಂದು ಎಲ್ಲರಿಗೂ ಗೊತ್ತಿತ್ತು: ಗಡಿಯ ಒಂದು ಕಣಿವೆ, ಅದರಲ್ಲಿ ಹರಿಯುವ ಒಂದು ಹೊಳೆ. ಮೂರನೇ ವರ್ಷಕ್ಕೆ ಬರುವ ಹೊತ್ತಿಗೆ ಅದು ಯಾರಿಗೂ ಸರಿಯಾಗಿ ನೆನಪಿರಲಿಲ್ಲ. ಆಚೆಯವರ ಬೆನ್ನಿಗೆ ಒಂದು ದೊಡ್ಡ ಶಕ್ತಿ ನಿಂತಿತ್ತು. ಆ ಶಕ್ತಿಗೂ ನಮ್ಮ ದೊಡ್ಡ ದೇಶಕ್ಕೂ ಎಣ್ಣೆ ಸೀಗೆಕಾಯಿ. ಅದೊಂದೇ ಕಾರಣಕ್ಕೆ ದೊಡ್ಡ ದೇಶ ನಮ್ಮ ಬೆನ್ನಿಗೆ ನಿಂತಿತು. ಜನ ಅದನ್ನು ದೊಡ್ಡಣ್ಣ ಎಂದರು. ದೊಡ್ಡಣ್ಣ ಫಿರಂಗಿ ಕಳಿಸಿದ, ಶೆಲ್ಲು ಕಳಿಸಿದ, ಅವುಗಳ ಹಿಂದೆ ಕಾಗದ ಪತ್ರ ಹಿಡಿದ ಸಲಹೆಗಾರರನ್ನೂ ಕಳಿಸಿದ. ಆಗ ಸೇನೆಗೆ ದುಭಾಷಿಗಳು ಬೇಕಾದರು. ಶಿಕ್ಷಣ ಇಲಾಖೆಯಿಂದ ಮೂವರು ಮೇಷ್ಟ್ರುಗಳನ್ನು ಎರವಲು ತಂದರು. ಒಬ್ಬರಿಗೆ ಕಿವಿ ಮಂದ, ಒಬ್ಬರಿಗೆ ಬಾಯಿ ಜಾಸ್ತಿ. ಉಳಿದವರು ಟೀಚರಮ್ಮ.

ಕೆಲಸ ನಡೆಯುತ್ತಿದ್ದುದು ಎರಡನೇ ಮಹಡಿಯ ಉದ್ದನೆಯ ಕೋಣೆಯಲ್ಲಿ. ಮೇಜಿನ ಮೇಲೆ ಗಾಜು, ಗಾಜಿನ ಕೆಳಗೆ ಭೂಪಟ. ಒಂದು ಬದಿಗೆ ಜನರಲ್ ಸಾಹೇಬರು. ಅವರ ಬಾಯಲ್ಲಿ ಸದಾ ಒಂದು ಕಡ್ಡಿ ಇರುತ್ತಿದ್ದುದರಿಂದ ಟೈಪಿಂಗ್ ಹುಡುಗಿಯರು ಅವರಿಗೆ ಹಲ್ಲುಕಡ್ಡಿ ಎಂದು ಹೆಸರಿಟ್ಟಿದ್ದರು. ಎದುರಿಗೆ ದೊಡ್ಡ ದೇಶದ ಸಲಹೆಗಾರ, ಯಾವ ಕಾಲದಲ್ಲೂ ನೀಲಿ ಕೋಟು. ಇಬ್ಬರ ನಡುವೆ, ಅರ್ಧ ಮೊಳ ಹಿಂದಕ್ಕೆ, ಟೀಚರಮ್ಮನ ಕುರ್ಚಿ. ಕಂಡದ್ದನ್ನು ಕೇಳಿದ್ದನ್ನು ಹೊರಗೆ ಆಡುವುದಿಲ್ಲವೆಂದು ಮೊದಲ ದಿನವೇ ಸಹಿ ಹಾಕಿಸಿಕೊಂಡಿದ್ದರು. ಇನ್ನೊಂದು ನಿಯಮವೂ ಇತ್ತು. ಮಾತಾಡುವವನು ನಾನು ಎಂದರೆ ದುಭಾಷಿಯೂ ನಾನು ಎನ್ನಬೇಕು. "ಅವರು ಹೀಗೆ ಹೇಳುತ್ತಾರೆ" ಎನ್ನುವಂತಿಲ್ಲ. ಹಾಗಾಗಿ ಸಣ್ಣ ಗಾತ್ರದ, ಕನ್ನಡಕದ, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡ ಈ ಹೆಂಗಸು ದಿನವಿಡೀ, "ನಾನು ನಿಮಗೆ ನಲವತ್ತು ಫಿರಂಗಿ ಕೊಡುತ್ತೇನೆ", "ನಾನು ಆ ಸೇತುವೆ ಹಾರಿಸುತ್ತೇನೆ" ಎನ್ನುತ್ತಿದ್ದರು. ಮೊದಲ ವಾರ ಮನೆಗೆ ಬಂದು ಕನ್ನಡಿ ಮುಂದೆ ನಿಂತಾಗ ನಗು ಬಂದಿತ್ತು. ಆಮೇಲೆ ಬರಲಿಲ್ಲ.

ಯುದ್ಧ ನಡೆಯುವುದು ಗಡಿಯಲ್ಲಾದರೂ ಅದರ ಕೀಲಿ ಬೇರೆಲ್ಲೋ ಇದೆ ಎಂದು ಟೀಚರಮ್ಮನಿಗೆ ಗೊತ್ತಾಗಲು ತುಂಬ ದಿನ ಹಿಡಿಯಲಿಲ್ಲ. ದೊಡ್ಡಣ್ಣ ಕೊಟ್ಟ ಫಿರಂಗಿಯನ್ನು ಇಂಥ ಗೆರೆಯವರೆಗೆ ಹೊಡೆಯಬಹುದು, ಅದರಾಚೆಗೆ ಕೂಡದು. ಒಮ್ಮೆ ದೊಡ್ಡಣ್ಣನಿಗೆ ಆಚೆಯವರ ಕೂಡ ಬಂದರಿನ ವಿಷಯದಲ್ಲಿ ಏನೋ ಮಾತುಕತೆಯಿತ್ತು. ಆ ಎರಡು ತಿಂಗಳು ನಮ್ಮ ಫಿರಂಗಿಗಳು ಬಾಯಿ ಮುಚ್ಚಿಕೊಂಡವು; ಅರ್ಧ ಹಿಡಿದ ಹಳ್ಳಿಯನ್ನು ಅರ್ಧಕ್ಕೇ ಬಿಟ್ಟು ಬಂದರು. ಮಾತುಕತೆ ಮುರಿಯಿತು, ಮರುದಿನವೇ ಶೆಲ್ಲಿನ ಲಾರಿಗಳು ಬಂದವು. ಪತ್ರಿಕೆಗಳು "ನಮ್ಮ ಪಡೆಗಳ ಹೊಸ ಹುರುಪು" ಎಂದು ಬರೆದವು. ಟೀಚರಮ್ಮ ಪತ್ರಿಕೆಯನ್ನು ಮಡಚಿ ಬಾಗಿಲ ಸಂದಿಗೆ ಸಿಕ್ಕಿಸಿದರು, ಗಾಳಿಗೆ ಬಡಿದುಕೊಳ್ಳದಿರಲೆಂದು.

ನಾಲ್ಕನೇ ವರ್ಷ ತಮ್ಮನಿಗೆ ಕರೆ ಬಂತು. ಮೂವತ್ತೈದು ದಾಟಿದವರನ್ನು ಕರೆಯುವುದಿಲ್ಲವೆಂದು ಹೇಳಿದ್ದರು, ಆಮೇಲೆ ನಲವತ್ತು ಎಂದರು. ಹೊರಡುವಾಗ ತಮಾಷೆ ಮಾಡಿದ: "ಬಸ್ಸು ರಿಪೇರಿ ಮಾಡೋನಿಗೆ ಬಂದೂಕು ಕೊಡ್ತಾರೆ ಅಂದ್ರೆ ದೇಶದ ಗತಿ ನೋಡಕ್ಕ." ಹೆಂಡತಿ ಅವನಿಗೆ ಜ್ವರದ್ದು, ಭೇದಿಯದು, ಗಾಯದ್ದು ಎಂದು ಮೂರು ಪೊಟ್ಟಣ ಕಟ್ಟಿ, ಒಂದೊಂದರ ಮೇಲೂ ಬರೆದು ಕೊಟ್ಟಳು. ಅಲ್ಲಿಂದ ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅವನ ಫೋನು.

ಒಂದು ಬುಧವಾರ ನೀಲಿ ಕೋಟಿನವನು ತಡವಾಗಿ ಬಂದ. ನೀರು ಕುಡಿದು, ಲೋಟವನ್ನು ಭೂಪಟದ ಮೇಲಿನ ಸಮುದ್ರದಲ್ಲಿಟ್ಟು ಮಾತು ತೆಗೆದ. ಟೀಚರಮ್ಮ ವಾಕ್ಯ ವಾಕ್ಯವಾಗಿ ಇತ್ತ ದಾಟಿಸಿದರು.

"ಮೂರು ವಾರದಲ್ಲಿ ನಮ್ಮ ಸಂಸತ್ತಿನಲ್ಲಿ ಮತಕ್ಕೆ ಹಾಕ್ತಾರೆ. ಎರಡು ವರ್ಷದಿಂದ ಗಡಿರೇಖೆ ಒಂದಿಂಚೂ ಕದಲಿಲ್ಲ, ಇನ್ನೂ ಯಾಕೆ ಕಳಿಸಬೇಕು ಅಂತ ಸದಸ್ಯರು ಕೇಳ್ತಿದ್ದಾರೆ. ನನ್ನ ಹತ್ತಿರ ಉತ್ತರ ಇಲ್ಲ. ತಿಂಗಳ ಕೊನೆಯ ನಂತರದ ಶೆಲ್ಲುಗಳ ಬಗ್ಗೆ ನಾನು ಮಾತು ಕೊಡಲಾರೆ. ನಕಾಶೆಯಲ್ಲಿ ಏನಾದರೂ ಬದಲಾಗಿ ಕಂಡರೆ ಅನುಕೂಲ ಆಗಬಹುದು."

ಜನರಲ್ ಕಡ್ಡಿಯನ್ನು ಬಾಯಿಯ ಈ ಕಡೆಯಿಂದ ಆ ಕಡೆಗೆ ಸರಿಸಿದರು. "ದಾಳಿ ಮಾಡು ಅಂತ ಹೇಳ್ತಿದ್ದಾನಾ? ನೇರವಾಗಿ ಕೇಳಿ."

ಟೀಚರಮ್ಮ ಕೇಳಿದರು.

"ನಾನು ಏನನ್ನೂ ಹೇಳ್ತಿಲ್ಲ. ಇದು ನಿಮ್ಮ ಯುದ್ಧ. ತೀರ್ಮಾನ ಯಾವಾಗಲೂ ನಿಮ್ಮದೇ."

"ನಮ್ಮ ಯುದ್ಧವಂತೆ!" ಜನರಲ್ ನಕ್ಕರು. ಆಮೇಲೆ ಟೀಚರಮ್ಮನ ಕಡೆ ತಿರುಗಿ, "ಅದನ್ನ ಅವನಿಗೆ ಹೇಳಬೇಡಿ" ಎಂದರು.

ಜನರಲ್ ಗಾಜಿನ ಮೇಲೆ ಬೆರಳು ಜಾರಿಸುತ್ತ ಹೋಗಿ ಒಂದು ಕಡೆ ನಿಲ್ಲಿಸಿದರು. ಅಲ್ಲಿ ಒಂದು ಸಂಖ್ಯೆಯಿತ್ತು. ಸೇನೆಯವರು ಗುಡ್ಡಗಳನ್ನು ಅವುಗಳ ಎತ್ತರದಿಂದ ಕರೆಯುತ್ತಾರೆ. "ನಾನೂರ ಹನ್ನೆರಡು. ಇದನ್ನ ನಾನು ಹತ್ತು ಹನ್ನೆರಡು ದಿನದಲ್ಲಿ ಹಿಡಿತೀನಿ. ಹಿಡಿದು ಏನು ಮಾಡೋದು ಅಂತ ನನ್ನನ್ನ ಕೇಳಬೇಡಿ. ಒಂಬತ್ತನೇ ಬೆಟಾಲಿಯನ್ ಹತ್ತಿರದಲ್ಲಿದೆ, ಅವರನ್ನ ಹತ್ತಿಸ್ತೀನಿ."

ಟೀಚರಮ್ಮ ಇಷ್ಟು ವರ್ಷದಲ್ಲಿ ಒಮ್ಮೆಯೂ ಮಾಡದ ಕೆಲಸವನ್ನು ಆಗ ಮಾಡಿದರು. "ಸಂಖ್ಯೆ ಇನ್ನೊಂದು ಸಲ ಹೇಳ್ತೀರಾ ಸರ್?"

"ನಾನೂರ ಹನ್ನೆರಡು."

"ಬೆಟಾಲಿಯನ್ ಸರ್."

"ಒಂಬತ್ತು."

ತಮ್ಮನಿದ್ದುದು ಒಂಬತ್ತನೆಯದರಲ್ಲಿ. ಟೀಚರಮ್ಮ ನೀಲಿ ಕೋಟಿನವನ ಕಡೆ ತಿರುಗಿ ವ್ಯಾಕರಣದಲ್ಲಿ ಒಂದು ತಪ್ಪೂ ಇಲ್ಲದೆ ಹೇಳಿದರು: ನಾನು ನಾನೂರ ಹನ್ನೆರಡನ್ನು ಹತ್ತು ಹನ್ನೆರಡು ದಿನದಲ್ಲಿ ಹಿಡಿಯುತ್ತೇನೆ, ನಾನು ಒಂಬತ್ತನೇ ಬೆಟಾಲಿಯನ್ನನ್ನು ಹತ್ತಿಸುತ್ತೇನೆ. ಅವನು ತಲೆಯಾಡಿಸಿ, "ಅದು ಗಮನಕ್ಕೆ ಬರುತ್ತದೆ" ಎಂದ. ಅದನ್ನೂ ಇತ್ತ ದಾಟಿಸಿದರು. ನಾಲ್ಕೂವರೆಗೆ ಸಭೆ ಮುಗಿಯಿತು. ಐದು ಹತ್ತರ ಬಸ್ಸು ಸಿಕ್ಕಿತು. ಕೂರಲು ಜಾಗವೂ ಸಿಕ್ಕಿತು.

ಎದೆ ಒಡೆಯುತ್ತದೆ ಎಂದು ಅವರು ಕಾದರು. ಹಾಗೇನೂ ಆಗಲಿಲ್ಲ. ಗುರುವಾರ ಎಣ್ಣೆ ಹಚ್ಚಿಕೊಂಡು ತಲೆಸ್ನಾನ ಮಾಡಿದರು. ಶುಕ್ರವಾರ ನಲ್ಲಿಯ ವಾಷರು ಸವೆದು ತೊಟ್ಟಿಕ್ಕುತ್ತಿತ್ತು, ಅದಕ್ಕೊಂದು ಬಟ್ಟೆಚೂರು ಸುತ್ತಿದರು. ಹೇಳಬಾರದೆಂದು ಸಹಿ ಹಾಕಿದ್ದು ತಲೆಯಲ್ಲಿತ್ತು. ಹೇಳಿದರೆ ಅವನೊಬ್ಬ ಏನು ಮಾಡಲಾದೀತು ಎನ್ನುವುದೂ ಇತ್ತು. ಬಿಟ್ಟು ಓಡಿಬಂದವರನ್ನು ಏನು ಮಾಡುತ್ತಾರೆಂದು ಅದೇ ಮೇಜಿನ ಬಳಿ ಕೇಳಿದ್ದರು.

ಭಾನುವಾರ ಹತ್ತಕ್ಕೆ ಫೋನು ಬಂತು. ಹೆಂಡತಿಯ ಜೊತೆ ಮಾತಾಡಿ ಮುಗಿದ ಮೇಲೆ ಅಕ್ಕನ ಕೈಗೆ ಬಂತು.

"ಅಕ್ಕ, ನಮಗೆ ಎರಡು ವಾರ ವಿಶ್ರಾಂತಿ ಅಂತೆ. ಊಟ ಇದ್ದಕ್ಕಿದ್ದಂಗೆ ಚೆನ್ನಾಗಾಗಿದೆ."

"ಹೌದಾ."

"ನಿನ್ನ ದನಿ ಯಾಕೆ ಹಂಗಿದೆ?"

"ನೆಗಡಿ." ಆಮೇಲೆ, "ಮಂಡಿ ನೋವು ಹೇಗಿದೆ?" ಎಂದರು. ಅವನು ಹದಿನಾರನೇ ವಯಸ್ಸಿನಲ್ಲಿ ಗೋಡೆಯಿಂದ ಬಿದ್ದು ಮಂಡಿ ತಿರುಚಿಕೊಂಡಿದ್ದ.

"ಮಂಡೀನಾ? ಅದು ಯಾವ ಕಾಲದ್ದು! ಚೆನ್ನಾಗೇ ಇದೆ."

"ಒಂದು ಸಲ ಡಾಕ್ಟರಿಗೆ ತೋರಿಸು."

"ಯಾಕೆ?"

"ತೋರಿಸು ಅಂದ್ರೆ ತೋರಿಸೋ. ನಾಳೆನೇ ಹೋಗು. ನಡೆಯೋಕೆ ಆಗಲ್ಲ ಅಂತ ಹೇಳು."

ಅವನು ಜೋರಾಗಿ ನಕ್ಕ. "ಇಲ್ಲಿ ಡಾಕ್ಟರಿಗೆ ಮಂಡಿ ಅಂದ್ರೆ ಹಲ್ಲುನೋವಿನ ಮಾತ್ರೆ ಕೊಡ್ತಾನೆ ಕಣಕ್ಕ. ನಮ್ಮ ಮಾತ್ರೆನೇ ವಾಸಿ." ಹಿಂದೆ ಯಾರೋ ಸಾಲು ಮುಂದೆ ಹೋಗಲಿ ಎಂದು ಕೂಗಿದರು. ಫೋನು ಕಡಿಯಿತು. ಆ ಹನ್ನೆರಡು ದಿನದಲ್ಲಿ ಟೀಚರಮ್ಮ ಮಾಡಿದ್ದು ಅಷ್ಟೇ. ಮುಂದಿನ ಭಾನುವಾರ ಫೋನು ಬರಲಿಲ್ಲ.

ಸೋಮವಾರ ಬೆಳಗಿನ ಜಾವ ಒಂಬತ್ತನೇ ಬೆಟಾಲಿಯನ್ ಗುಡ್ಡ ಹತ್ತಿತು. ಮಂಗಳವಾರ ರೇಡಿಯೋ ಕವಾಯತಿನ ಹಾಡು ಹಾಕಿ ಸುದ್ದಿ ಹೇಳಿತು. ಪಕ್ಕದ ಮನೆಯವರು ಬಂದು ತಮ್ಮನ ಹೆಂಡತಿಗೆ, "ನಿಮ್ಮೆಜಮಾನ್ರ ಬೆಟಾಲಿಯನ್ನೇ ಅಲ್ವಾ? ಭೇಷ್!" ಎಂದು ಹೋದರು. ಅವಳು ಅತ್ತಿಗೆಯ ಮುಖ ನೋಡಿದಳು. ಅತ್ತಿಗೆ ಬಟ್ಟೆ ಮಡಚುತ್ತಿದ್ದರು.

ಗುರುವಾರ ಟೈಪಿಂಗ್ ಹುಡುಗಿಯೊಬ್ಬಳು ಒಂದು ಪಟ್ಟಿ ತಂದು ಟೀಚರಮ್ಮನ ಮೇಜಿನ ಮೇಲಿಟ್ಟಳು. ನೀಲಿ ಕೋಟಿನವನ ಕಚೇರಿಗೆ ಬೇಕಂತೆ, ಅವರ ಲಿಪಿಯಲ್ಲಿ, ಸಂಜೆಯೊಳಗೆ. ಇನ್ನೂರ ಮೂವತ್ತೊಂದು ಹೆಸರು. ಶೆಲ್ಲಿನ ಬೇಡಿಕೆ ಪತ್ರದ ಜೊತೆ ಲಗತ್ತಿಸುತ್ತಾರೆ, ಎಷ್ಟು ಕಷ್ಟಪಟ್ಟು ಹಿಡಿದಿದ್ದೇವೆಂದು ತೋರಿಸಲು. ಹೆಸರುಗಳನ್ನು ಭಾಷಾಂತರಿಸುವಂತಿಲ್ಲ, ಕಿವಿಗೆ ಕೇಳಿದ ಹಾಗೆ ಅಕ್ಷರಕ್ಕೆ ಅಕ್ಷರ ಹೊಂದಿಸಬೇಕು. ಟೀಚರಮ್ಮ ಒಂದರಿಂದ ಶುರು ಮಾಡಿದರು. ನೂರು ಆದ ಮೇಲೆ ಚಹಾ ಕುಡಿದರು. ನೂರ ನಲವತ್ತಾರನೆಯದು ತಮ್ಮನ ಹೆಸರು.

ಅವನ ಹೆಸರಿನ ಕೊನೆಯ ಅಕ್ಷರಕ್ಕೆ ಅವರ ಲಿಪಿಯಲ್ಲಿ ಅಕ್ಷರವಿಲ್ಲ. ಹತ್ತಿರದ್ದೊಂದನ್ನು ಹಾಕಬೇಕು. ಟೀಚರಮ್ಮ ಎರಡು ರೀತಿ ಬರೆದು ನೋಡಿದರು, ಯಾವುದು ಓದಿದರೆ ಅವನ ಹೆಸರಿನ ಹಾಗೆ ಕೇಳುತ್ತದೆಂದು. ಎರಡನೆಯದು ವಾಸಿ ಎನ್ನಿಸಿತು. ಮೊದಲನೆಯದನ್ನು ಅಳಿಸಿ ನೂರ ನಲವತ್ತೇಳಕ್ಕೆ ಹೋದರು. ಪಟ್ಟಿ ಮುಗಿಯುವಾಗ ನಾಲ್ಕೂ ಇಪ್ಪತ್ತು. ಹುಡುಗಿ ಬಂದು ಹಾಳೆಗಳನ್ನು ಎತ್ತಿಕೊಳ್ಳುವಾಗ, "ಟೀಚರಮ್ಮ, ನಿಮ್ಮ ಮುಖ ಯಾಕೆ ಬಿಳಿಚಿಕೊಂಡಿದೆ, ನೀರು ತರಲಾ?" ಎಂದಳು. "ಬೇಡ ಕಣಮ್ಮ. ನೂರ ನಲವತ್ತಾರರಲ್ಲಿ ಅಳಿಸಿದ ಗುರುತಿದೆ, ಟೈಪ್ ಮಾಡುವಾಗ ನೋಡ್ಕೊ" ಎಂದರು.

ಸೈನಿಕರಿಬ್ಬರು ಆಗಲೇ ಔಷಧಿ ಅಂಗಡಿಗೆ ಹೋಗಿದ್ದರು. ತಮ್ಮನ ಹೆಂಡತಿ ಒಬ್ಬ ಮುದುಕರಿಗೆ ರಕ್ತದೊತ್ತಡದ ಮಾತ್ರೆಯನ್ನು ಎಣಿಸಿ ಕೊಡುತ್ತಿದ್ದಳಂತೆ. ಕಾಗದ ಓದಿದಳು. ಓದಿ, ಮಾತ್ರೆ ಎಣಿಸುವುದನ್ನು ಮುಗಿಸಿದಳು. "ಬೆಳಿಗ್ಗೆ ಒಂದು, ತಪ್ಪಿಸಬೇಡಿ ತಾತ" ಎಂದಳು. ಆಮೇಲೆ ಅಂಗಡಿಯ ಬಾಗಿಲು ಎಳೆದು, ಬಿಸಿಲಲ್ಲಿ ನಡೆದು ಮನೆಗೆ ಬಂದಳು. ಟೀಚರಮ್ಮ ಬಂದಾಗ ಅವಳು ಚಪ್ಪಲಿ ಬಿಚ್ಚದೆ ನಡುಮನೆಯಲ್ಲಿ ಕೂತಿದ್ದಳು. ಟೀಚರಮ್ಮನೂ ಪಕ್ಕದಲ್ಲಿ ಕೂತರು. ಕತ್ತಲಾದಾಗ ಪಕ್ಕದ ಮನೆಯವರು ಬಂದು ದೀಪ ಹಾಕಿದರು.

ದೇಹ ಬರಲಿಲ್ಲ. ಗುಡ್ಡ ಹಿಡಿದ ಮೇಲೂ ಆಚೆಯವರು ಹೊಡೆಯುತ್ತಲೇ ಇದ್ದುದರಿಂದ ಸತ್ತವರನ್ನು ಅಲ್ಲೇ ಹಿಂಬದಿಯ ಇಳಿಜಾರಿನಲ್ಲಿ ಹೂತು, ತಗಡಿನ ಚೂರಿನ ಮೇಲೆ ಪಟ್ಟಿಯ ಸಂಖ್ಯೆ ಬರೆದು ನೆಟ್ಟಿದ್ದರು. ಮುಂದಿನ ವಾರ ದೊಡ್ಡ ದೇಶದ ಸಂಸತ್ತಿನಲ್ಲಿ ಒಬ್ಬ ಸದಸ್ಯ ನಕಾಶೆ ಎತ್ತಿ ಹಿಡಿದು ನಾನೂರ ಹನ್ನೆರಡನ್ನು ತೋರಿಸಿದ. ಒಂಬತ್ತು ಮತಗಳ ಅಂತರದಲ್ಲಿ ಗೊತ್ತುವಳಿ ಪಾಸಾಯಿತು. ಆರು ತಿಂಗಳಿಗೆ ಸಾಲುವಷ್ಟು ಶೆಲ್ಲು ಬಂದವು. ನೀಲಿ ಕೋಟಿನವನು ಜನರಲ್ ಸಾಹೇಬರ ಕೈಕುಲುಕಿ, "ನಾನು ಅಭಿನಂದಿಸುತ್ತೇನೆ" ಎಂದ. ಟೀಚರಮ್ಮ, "ನಾನು ಅಭಿನಂದಿಸುತ್ತೇನೆ" ಎಂದರು. ಅವರು ಒಂದು ವಾರ ರಜೆ ಹಾಕಿ ಕೆಲಸಕ್ಕೆ ಮರಳಿದ್ದರು. ಯಾಕೆ ಮರಳಿದಿರಿ ಎಂದು ಯಾರಾದರೂ ಕೇಳಿದ್ದರೆ ಸೋಮವಾರವಾಗಿತ್ತಲ್ಲ ಎನ್ನುತ್ತಿದ್ದರೇನೋ.

ಒಂದೂವರೆ ತಿಂಗಳಿಗೆ ತಮ್ಮನ ಚೀಲ ಬಂತು. ಒಂದು ಸ್ವೆಟರು, ಕ್ಷೌರದ ಸಾಮಾನು, ಬಿಚ್ಚದ ಭೇದಿ ಮಾತ್ರೆಯ ಪೊಟ್ಟಣ, ಅರ್ಧ ಬರೆದ ಕಾಗದ. ಕಾಗದವನ್ನು ಹೆಂಡತಿ ಓದಿದಳು. ಮಾರನೇ ದಿನ ಮತ್ತೆ ಓದಿದಳು. ಆ ಸಂಜೆ ಅಡಿಗೆಮನೆಯಲ್ಲಿ ಅತ್ತಿಗೆಯ ಎದುರು ನಿಂತು ಒಂದು ಸಾಲನ್ನು ಓದಿ ಹೇಳಿದಳು: "ಅಕ್ಕ ನನ್ನ ಮಂಡಿ ಬಗ್ಗೆ ಕೇಳಿದಳು ಮಾರಾಯ್ತಿ, ಇಪ್ಪತ್ತು ವರ್ಷದಿಂದ ಕೇಳದವಳು. ಅವಳಿಗೆ ವಯಸ್ಸಾಗ್ತಿದೆ, ನೋಡ್ಕೊ."

ಟೀಚರಮ್ಮ ಪಾತ್ರೆ ತೊಳೆಯುತ್ತಿದ್ದರು.

"ಅತ್ತಿಗೆ, ನಿಮಗೆ ಗೊತ್ತಿತ್ತಾ?"

ನೀರು ನಿಲ್ಲಿಸಿದರು. "ಗೊತ್ತಿತ್ತು."

"ಎಷ್ಟು ದಿನ ಮುಂಚೆ?"

"ಹನ್ನೆರಡು."

"ಯಾರು ಹೇಳಿದ್ದು, ಹತ್ತಿಸಿ ಅಂತ?"

ಟೀಚರಮ್ಮ ಉತ್ತರ ಹುಡುಕಿದರು. ನೀಲಿ ಕೋಟಿನವನು ಹೇಳಿಲ್ಲ, ತೀರ್ಮಾನ ನಿಮ್ಮದೇ ಎಂದಿದ್ದ. ಜನರಲ್ ಹೇಳಿದ್ದರು, ಆದರೆ ಅವರೂ ಹೇಳಿದ್ದು ಇನ್ನೊಬ್ಬನ ಮಾತಿಗೆ. ಆ ಮಾತು ಹುಟ್ಟಿದ ಸಂಸತ್ತಿನಲ್ಲಿ ಕೂತವರಿಗೆ ಒಂಬತ್ತನೇ ಬೆಟಾಲಿಯನ್ ಎಂಬುದೊಂದಿದೆ ಎಂದೂ ತಿಳಿಯದು. "ನನ್ನ ಬಾಯಿಂದ ಕೇಳಿದ್ದು ಅದು" ಎಂದರು. "ನಾನೇ ಹೇಳಿದೆ."

ಅವಳು ಕಿರುಚಲಿಲ್ಲ. ಕಾಗದವನ್ನು ಮೊದಲಿದ್ದ ಮಡಿಕೆಗೇ ಮಡಚಿದಳು. ತೊಳೆದ ಪಾತ್ರೆಗಳನ್ನು ಒರೆಸಿ ಒಂದೊಂದಾಗಿ ಜಾಗಕ್ಕಿಟ್ಟಳು. ಮರುದಿನದಿಂದ ಅವಳು ಮಾತು ನಿಲ್ಲಿಸಿದಳು. ಗ್ಯಾಸ್ ಮುಗಿದಿದೆ, ಬೀಗದ ಕೈ ಮೊಳೆಗೆ ಹಾಕಿದ್ದೇನೆ, ಇಷ್ಟೇ. ಒಂದೇ ಸೂರಿನ ಕೆಳಗೆ ಇಬ್ಬರು ಹೆಂಗಸರು ಎಂಟು ತಿಂಗಳು ಹೀಗೆ ಇದ್ದರು. ಟೀಚರಮ್ಮನಿಗೆ ಅದು ಶಿಕ್ಷೆ ಎನ್ನಿಸಲೂ ಇಲ್ಲ. ಮನೆಯಲ್ಲಿ ಸದ್ದಿರಲಿಲ್ಲ, ಅವರ ಒಳಗೂ ಇರಲಿಲ್ಲ, ಎರಡೂ ಸರಿಹೊಂದಿದ್ದವು.

ಆ ಎಂಟು ತಿಂಗಳಲ್ಲಿ ದೊಡ್ಡ ದೇಶದಲ್ಲಿ ಚುನಾವಣೆಯಾಯಿತು. ಹೊಸ ಸರ್ಕಾರಕ್ಕೆ ಆಚೆಯವರ ಬೆನ್ನಿಗಿದ್ದ ಶಕ್ತಿಯ ಜೊತೆ ವ್ಯಾಪಾರ ಕುದುರಿಸಬೇಕಿತ್ತು. ನೀಲಿ ಕೋಟಿನವನು ಹೋದ. ಅವನ ಜಾಗಕ್ಕೆ ಬಂದವನು ಕೋಟಿಲ್ಲದ, ತೋಳು ಮಡಚಿದ ಯುವಕ, ಬಹಳ ವಿನಯವಂತ. ಟೀಚರಮ್ಮನಿಗೆ ಎದ್ದು ನಿಂತು ಕುರ್ಚಿ ಎಳೆದುಕೊಟ್ಟ. ಆಮೇಲೆ ಗಾಜಿನ ಮೇಲೆ ಒಂದು ಹೊಸ ಗೆರೆ ಎಳೆದ. ಕದನವಿರಾಮ. ಗೆರೆ ಹಳೆಯ ಗಡಿಯ ಮೇಲೆ ಹಾಯ್ದು, ನಾನೂರ ಹನ್ನೆರಡು ಬಂದಾಗ ಅದನ್ನು ಆಚೆ ಬಿಟ್ಟು ಬಳಸಿಕೊಂಡು ಹೋಯಿತು.

"ಗಡಿರೇಖೆಯಲ್ಲಿ ಒಂದು ಸಣ್ಣ ಹೊಂದಾಣಿಕೆ" ಎಂದು ಟೀಚರಮ್ಮ ದಾಟಿಸಿದರು. "ನಿಮ್ಮ ತ್ಯಾಗವನ್ನು ನಾನು ಅರ್ಥ ಮಾಡಿಕೊಳ್ಳುತ್ತೇನೆ."

ಜನರಲ್ ಬಹಳ ಹೊತ್ತು ಆ ಸಂಖ್ಯೆಯನ್ನೇ ನೋಡಿದರು. ಬಾಯಲ್ಲಿ ಕಡ್ಡಿಯಿರಲಿಲ್ಲ; ವೈದ್ಯರು ಬೇಡವೆಂದಿದ್ದರಂತೆ. "ಶೆಲ್ಲು ಕೊಡೋದಿಲ್ಲ ಅಂದಮೇಲೆ ಇನ್ನೇನು. ಒಪ್ಪಿದ್ದೇನೆ ಅಂತ ಹೇಳಿ."

"ನಾನು ಒಪ್ಪಿದ್ದೇನೆ" ಎಂದರು ಟೀಚರಮ್ಮ.

ಅಂದು ಮನೆಗೆ ಬಂದವರು ಕೈಚೀಲವನ್ನೂ ಇಡದೆ ತಮ್ಮನ ಹೆಂಡತಿಯ ಕೋಣೆಯ ಬಾಗಿಲಲ್ಲಿ ನಿಂತರು. ಆ ಮೇಜಿನ ಮಾತನ್ನು ರೇಡಿಯೋಗಿಂತ ಮುಂಚೆ ಅವರು ಹೊರಗೆ ಆಡಿದ್ದು ಅದೇ ಮೊದಲು.

"ಗುಡ್ಡ ವಾಪಸ್ ಕೊಡ್ತಿದ್ದಾರೆ. ನಾಳೆ ಸಂಜೆ ರೇಡಿಯೋದಲ್ಲಿ ಹೇಳ್ತಾರೆ."

ಅವಳು ತಲೆ ಬಾಚಿಕೊಳ್ಳುತ್ತಿದ್ದಳು. "ಹೇಗೂ ನಾಳೆ ಹೇಳ್ತಾರಲ್ಲ. ಇವತ್ತೇ ಯಾಕೆ ಬಂದು ಹೇಳಿದ್ರಿ?"

ಟೀಚರಮ್ಮ ಕೈಚೀಲವನ್ನು ಇನ್ನೊಂದು ಕೈಗೆ ಬದಲಿಸಿದರು. "ಹತ್ತು ದಿನ ಗಡುವು ಇದೆ. ಹೂತವರನ್ನ ತೆಗೆದುಕೊಂಡು ಹೋಗೋಕೆ ಮನೆಯವರಿಗೆ ಬಸ್ಸು ಬಿಡ್ತಾರಂತೆ. ಹೆಸರು ಬರೆಸಬೇಕು. ಸಾಲು ಉದ್ದ ಆಗುತ್ತೆ."

ಅವಳು ಬಾಚಣಿಗೆ ಕೆಳಗಿಟ್ಟಳು. "ಇಬ್ಬರದೂ ಬರೆಸಿ" ಎಂದಳು.

ಬಸ್ಸು ಬೆಳಿಗ್ಗೆ ಆರಕ್ಕೆ ಹೊರಟು ಹನ್ನೊಂದಕ್ಕೆ ಮುಟ್ಟಿತು. ದಾರಿಯಲ್ಲಿ ಯಾರೂ ಅಳಲಿಲ್ಲ. ಒಬ್ಬಾಕೆ ಬುತ್ತಿ ಬಿಚ್ಚಿ ಎಲ್ಲರಿಗೂ ಒಂದೊಂದು ತುತ್ತು ಹಂಚಿದಳು. ಇಳಿದಾಗ ಟೀಚರಮ್ಮ ಎದುರಿಗಿದ್ದ ದಿಬ್ಬವನ್ನು ನೋಡಿ ಸೈನಿಕನೊಬ್ಬನನ್ನು, "ನಾನೂರ ಹನ್ನೆರಡು ಎಲ್ಲಪ್ಪ?" ಎಂದು ಕೇಳಿದರು.

"ಇದೇ ಅಮ್ಮ."

ಭೂಪಟದಲ್ಲಿ ಅದರ ಸುತ್ತ ಅಷ್ಟೊಂದು ಗೆರೆಗಳಿದ್ದವು. ಇದು ಹುಲ್ಲು ಬೆಳೆದ ಒಂದು ಬೋಳು ದಿಬ್ಬ, ಹತ್ತಲು ಕಾಲು ಗಂಟೆಯೂ ಹಿಡಿಯಲಿಲ್ಲ. ಮೇಲೆ ನಿಂತರೆ ಆಚೆ ಇನ್ನೊಂದು ಅಂಥದೇ ದಿಬ್ಬ, ಅದರಾಚೆ ಮತ್ತೊಂದು. ಹೊಳೆ ಎಲ್ಲೂ ಕಾಣಲಿಲ್ಲ.

ತಗಡುಗಳು ಸಾಲಾಗಿದ್ದವು. ನೂರ ನಲವತ್ತಾರು ಎರಡನೇ ಸಾಲಿನಲ್ಲಿತ್ತು. ಸೈನಿಕರು ಅಗೆಯುತ್ತಿದ್ದಾಗ ತಕರಾರೊಂದು ಎದ್ದಿತು. ಉಸ್ತುವಾರಿಗೆ ಬಂದಿದ್ದ ದೊಡ್ಡ ದೇಶದ ವೀಕ್ಷಕನೊಬ್ಬ ಕೈಗಡಿಯಾರ ತೋರಿಸಿ ಏನೋ ಹೇಳುತ್ತಿದ್ದ. ನಮ್ಮ ಸುಬೇದಾರನಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಟೀಚರಮ್ಮನಿಗೆ ತಿಳಿಯುತ್ತಿತ್ತು. ಎರಡು ಗಂಟೆಗೆ ಎಲ್ಲರೂ ಇಳಿಯಬೇಕು, ಉಳಿದವರನ್ನು ನಾಳೆ ನೋಡೋಣ ಎನ್ನುತ್ತಿದ್ದ. ಸುಬೇದಾರ ಗುಂಪಿನ ಕಡೆ ತಿರುಗಿ ಕೂಗಿದ: "ನಿಮ್ಮಲ್ಲಿ ಯಾರಿಗಾದ್ರೂ ಇವರ ಭಾಷೆ ಬರುತ್ತಾ? ಅಮ್ಮ, ನೀವು ಓದಿದವರ ಥರ ಕಾಣ್ತೀರ, ನಿಮಗೆ?"

ತಮ್ಮನ ಹೆಂಡತಿ ಅತ್ತಿಗೆಯ ಕಡೆ ನೋಡಿದಳು.

"ನನಗೆ ಆ ಭಾಷೆ ಬರೋದಿಲ್ಲ" ಎಂದರು ಟೀಚರಮ್ಮ.

ವೀಕ್ಷಕ ಇನ್ನೂ ಸ್ವಲ್ಪ ಹೊತ್ತು ಗಡಿಯಾರ ಬಡಿದು ತೋರಿಸಿದ. ಸುಬೇದಾರ, "ಆಯ್ತು ಸ್ವಾಮಿ, ಆಯ್ತು" ಎನ್ನುತ್ತಲೇ ಅಗೆಸಿದ. ಎರಡಾಯಿತು, ಮೂರಾಯಿತು. ವೀಕ್ಷಕ ಸುಸ್ತಾಗಿ ಹೋಗಿ ಜೀಪಿನಲ್ಲಿ ಕೂತ. ಐದಕ್ಕೆ ಕೊನೆಯ ಪೆಟ್ಟಿಗೆಯೂ ಇಳಿಯಿತು.

ತಮ್ಮನ ಪೆಟ್ಟಿಗೆ ಹಗುರವಾಗಿತ್ತು. ಇಬ್ಬರೂ ಅದರ ಪಕ್ಕದಲ್ಲೇ ಲಾರಿಯ ಹಿಂಭಾಗದಲ್ಲಿ ಕೂತು ಬಂದರು. ಗುಂಡಿ ಬಂದಾಗಲೆಲ್ಲ ಪೆಟ್ಟಿಗೆ ಜಾರದಂತೆ ಅವಳು ಒಂದು ಕಡೆ, ಇವರು ಒಂದು ಕಡೆ ಅಂಗೈ ಒತ್ತಿ ಹಿಡಿದರು. ಊರು ಹತ್ತಿರವಾದಾಗ ಅವಳು, "ಚಳಿಯಾಗ್ತಿದೆ, ಸೆರಗು ಹೊದ್ದುಕೊಳ್ಳಿ" ಎಂದಳು. ಅಂಥ ಮಾತನ್ನು ಅವಳು ಎಂಟು ತಿಂಗಳಲ್ಲಿ ಆಡಿರಲಿಲ್ಲ.

ಊರಾಚೆಯ ಸ್ಮಶಾನದಲ್ಲಿ ಅಪ್ಪ ಅಮ್ಮನ ಹತ್ತಿರ ಜಾಗ ಸಿಕ್ಕಿತು. ಟೀಚರಮ್ಮ ಸೇನೆಯ ಕಚೇರಿಗೆ ಒಂದು ಸಾಲಿನ ಅರ್ಜಿ ಬರೆದು ಶಾಲೆಗೆ ಮರಳಿದರು. ತಮ್ಮನ ಹೆಂಡತಿ ತಾಯಿಯ ಮನೆಗೆ ಹೋದಳು. ಇನ್ನು ಬರುವುದಿಲ್ಲ ಎಂದೇ ಟೀಚರಮ್ಮ ಅಂದುಕೊಂಡಿದ್ದರು. ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಚೀಲ ಹಿಡಿದು ಬಂದಳು. "ಅಂಗಡಿ ಇಲ್ಲೇ ಇದೆಯಲ್ಲ" ಎಂದಳು, ಯಾರೂ ಕೇಳದಿದ್ದರೂ. ಕ್ಷಮಿಸಿದ್ದೇನೆ ಎಂದು ಅವಳು ಹೇಳಲಿಲ್ಲ, ಇವರೂ ಕೇಳಲಿಲ್ಲ. ಒಂದು ದಿನ ಅವಳ ಅಡಿಗೆ, ಒಂದು ದಿನ ಇವರದು.

ಎರಡು ವರ್ಷ ಕಳೆದ ಮೇಲೆ ಒಂದು ಭಾನುವಾರ ಮನೆಯ ಮುಂದೆ ಸೇನೆಯ ಜೀಪು ನಿಂತಿತು. ಇಳಿದ ಅಧಿಕಾರಿ ಹೊಸಬ, ಮೀಸೆ ಇನ್ನೂ ತೆಳು. ಬಾಗಿಲಲ್ಲೇ ನಿಂತು ಮಾತಾಡಿದ. ದೊಡ್ಡ ದೇಶದ ಜನ ಮತ್ತೆ ಬರುತ್ತಿದ್ದಾರೆ, ದುಭಾಷಿ ಬೇಕು, ಹಳಬರಲ್ಲಿ ನಿಮ್ಮ ಹೆಸರೇ ಮೊದಲು ಎಂದ. ಟೀಚರಮ್ಮ ಕೆಂಪು ಪೆನ್ನಿಗೆ ಮುಚ್ಚಳ ಹಾಕಿ ಕೇಳಿಸಿಕೊಂಡರು. ಶಾಲೆಯಲ್ಲಿ ಪರೀಕ್ಷೆ ನಡೀತಿದೆ, ನೂರಿಪ್ಪತ್ತು ಪತ್ರಿಕೆ ತಿದ್ದಬೇಕು, ಆಗೋದಿಲ್ಲ ಎಂದರು. ಪರೀಕ್ಷೆ ಮುಗಿದ ಮೇಲೆ? ಆಮೇಲೂ ಆಗೋದಿಲ್ಲಪ್ಪ. ಅವನು ಒತ್ತಾಯಿಸಲಿಲ್ಲ, ಬಾಯಿ ಜಾಸ್ತಿಯಿದ್ದ ಮೇಷ್ಟ್ರ ಮನೆ ಎಲ್ಲಿ ಎಂದು ಕೇಳಿಕೊಂಡು ಹೋದ.

ತಮ್ಮನ ಹೆಂಡತಿ ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದಳು. "ಯಾರು ಅತ್ತಿಗೆ?"

"ಆಫೀಸಿನವರು."

"ಏನಂತೆ?"

"ಯುದ್ಧ ಅಂತೆ."

"ಯಾರ ಮೇಲೆ?"

"ಕೇಳಲಿಲ್ಲ" ಎಂದರು ಟೀಚರಮ್ಮ. ಪೆನ್ನಿನ ಮುಚ್ಚಳ ತೆಗೆದು ಮುಂದಿನ ಪತ್ರಿಕೆ ಎಳೆದುಕೊಂಡರು.